ಧ್ಯಾನಕೂಟದಿಂದ ಮನೆಗೆ ಇಳಿದು ಬಂದ ಮೇಲೆ

ಮಾವನವರ ಅಂಗವೈಕಲ್ಯದ ಕಾರ್ಡು ಹೋದ ವಾರ ಅಂಚೆಯಲ್ಲಿ ಬಂತು. ಕಳೆದ ಮಳೆಗಾಲದಿಂದ ಆಸ್ಪತ್ರೆ, ಬಿಲ್ಲು, ಅರ್ಜಿ, ತಿದ್ದುಪಡಿ ಅಂತ ಓಡಾಡಿದ್ದು ಸದ್ಯಕ್ಕೆ ಒಂದು ದಡ ಸೇರಿತು. ವಿರಾಜಪೇಟೆಯಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬಂದರೆ ಜನ ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ‘ಮೌನ ಧ್ಯಾನಕೂಟಕ್ಕೆ ಹೋಗಿದ್ದೆಯಂತಲ್ಲ, ಹೇಗಿತ್ತು, ನಾವೂ ಹೋಗಬಹುದಾ?’ ಅನ್ನುವುದು ಒಂದು. ‘ಮಾವನಿಗೆ ಕಾರ್ಡು ಹೇಗೆ ಮಾಡಿಸಿದೆ, ಎಷ್ಟು ಖರ್ಚು ಬಂತು?’ ಅನ್ನುವುದು ಇನ್ನೊಂದು. ಕೇಳುವವರಿಗೆ ಇವೆರಡೂ ಬೇರೆ ಬೇರೆ ವಿಷಯ. ನನಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ. ಮೇ ತಿಂಗಳ ಧ್ಯಾನಕೂಟದಲ್ಲಿ ದೇವರು ಕೊಟ್ಟದ್ದು ಜುಲೈ ತಿಂಗಳಲ್ಲಿ ಮಾವನಿಗೆ ಲಕ್ವ ಹೊಡೆದಾಗ ಬೇಕಾಗಿತ್ತು. ಕೊಡುವಾಗ ಅದು ಯಾಕೆಂದು ನನಗೆ ತಿಳಿದಿರಲಿಲ್ಲ, ಅಷ್ಟೆ. ಆದ್ದರಿಂದ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಸ್ಥಿತಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ನಾನು ಹುಟ್ಟಿದ್ದು ಸಿದ್ದಾಪುರ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ತಮಿಳು ಮಾತಾಡುವ ಕೆಥೋಲಿಕರು, ತೋಟದ ಕೂಲಿಯವರು. ಮದುವೆಯಾದದ್ದು ಕೊಂಕಣಿ ಮನೆಗೆ. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕೆಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ನಮ್ಮ ಸಂತ ಅನ್ನಮ್ಮನವರ ದೇವಾಲಯ ಶುರುವಾದದ್ದು ಆಗ, 1792ರಲ್ಲಿ. ಮಾವನವರು ತಮ್ಮ ಮನೆತನವನ್ನು ಆ ಹಳೆಯ ಕುಟುಂಬಗಳ ಸಾಲಿನಲ್ಲಿ ಎಣಿಸುವವರು. ಮಗ ಲೈನಿನ ಹುಡುಗಿಯನ್ನು ತಂದದ್ದು ಅವರಿಗೆ ಹಿಡಿಸಲಿಲ್ಲ. ಮದುವೆಗೆ ಬರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ನಾವು ಅವರ ಮನೆಗೇ ಬಂದು ಇದ್ದೆವು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದರೂ ಅವರು ನನ್ನ ಹೆಸರು ಹಿಡಿದು ಕರೆದವರಲ್ಲ. ಮಗನ ಹತ್ತಿರ ‘ಲೈನಿನವಳು’ ಎಂದೇ ಹೇಳುತ್ತಿದ್ದರು, ನನಗೆ ಕೇಳುವ ಹಾಗೆ. ನಾನು ಊಟ ಬಡಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಜಪಸರ ಹಿಡಿಯುತ್ತಿದ್ದೆ. ಎದೆಯೊಳಗೆ ಒಂದು ಕಲ್ಲು ಹಾಗೇ ಇತ್ತು.

ಧ್ಯಾನಕೂಟಕ್ಕೆ ಹೋಗಬೇಕೆಂಬ ಆಸೆ ಬಹಳ ಕಾಲದ್ದು. ನಮ್ಮ ಕೊಡಗಿನಲ್ಲಿ ಅದಕ್ಕೆ ಸಮಯ ಹೊಂದಿಸುವುದೇ ಕಷ್ಟ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಹೋಗಲು ಎಲ್ಲರಿಗೂ ಮನಸ್ಸು. ಆಗಲೇ ಕಾಫಿ ಒಣಗಿ ಮೂಟೆ ಕಟ್ಟುವ ಕೆಲಸ, ಒಳ್ಳೆಮೆಣಸಿನ ಕೊಯ್ಲು, ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಜೂನ್ ಬಂದರೆ ಮಳೆ. ಹಾಗಾಗಿ ಪಾಸ್ಖ, ಅಂದರೆ ಈಸ್ಟರ್, ಮುಗಿದ ಮೇಲೆ ಮೇ ತಿಂಗಳೇ ನಮಗೆ ಸರಿ ಎಂದು ನನ್ನ ಅನಿಸಿಕೆ. ಸೀಟು ಮಾತ್ರ ಜನವರಿಯಲ್ಲೇ ಕೇಳಿಡಿ.

ಹೋಗುವವರು ಮೊದಲು ತಿಳಿದಿರಬೇಕಾದದ್ದು, ಧ್ಯಾನಕೂಟಗಳಲ್ಲಿ ಎರಡು ಬಗೆ ಇವೆ. ಚಾಲಕುಡಿ ಹತ್ತಿರ ಮುರಿಂಗೂರಿನ ಡಿವೈನ್ ಕೇಂದ್ರ, ನಮ್ಮ ಮುಲ್ಕಿಯ ಡಿವೈನ್ ಕಾಲ್ ಕೇಂದ್ರ, ಇಂಥ ಕಡೆ ಪ್ರವಚನ, ಹಾಡು, ಆರಾಧನೆ, ಜನ ತುಂಬ. ನಮ್ಮ ಕಡೆಯವರು ಹೆಚ್ಚಾಗಿ ಅಲ್ಲಿಗೆ ಹೋಗುತ್ತಾರೆ. ಹೋಗಿ ಕುಡಿತ ಬಿಟ್ಟವರನ್ನು ನಾನೇ ಕಂಡಿದ್ದೇನೆ. ನಾನು ಹೋದದ್ದು ಇನ್ನೊಂದು ಬಗೆಗೆ, ಸಂತ ಇಗ್ನೇಷಿಯಸರ ಕ್ರಮದ ಮೌನ ಧ್ಯಾನಕ್ಕೆ, ಮಂಗಳೂರು ಕಡೆಯ ಒಂದು ಮನೆಗೆ. ಅದರ ಪೂರ್ತಿ ಕ್ರಮ ಒಂದು ತಿಂಗಳದ್ದು. ಗೃಹಸ್ಥರು ಸಾಮಾನ್ಯವಾಗಿ ಮಾಡುವುದು ಎಂಟು ದಿನದ್ದು. ಮನೆ ಬಿಟ್ಟು ಬರಲಾಗದವರು ದಿನಕ್ಕೆ ಸ್ವಲ್ಪ ಹೊತ್ತು ಕೂತು, ವಾರಕ್ಕೊಮ್ಮೆ ಗುರುಗಳನ್ನು ಕಂಡು, ತಿಂಗಳುಗಟ್ಟಲೆ ಮನೆಯಲ್ಲೇ ಮಾಡುವ ದಾರಿಯನ್ನೂ ಇಗ್ನೇಷಿಯಸರೇ ಇಟ್ಟಿದ್ದಾರೆ. ಕೈಗೂಸು ಇರುವವರು, ಮಲಗಿದ ಹಿರಿಯರನ್ನು ನೋಡಿಕೊಳ್ಳುವವರು ಇದನ್ನು ಕೇಳಿ ನೋಡಿ.

ಕಾಗದ ಪತ್ರ ಹೆಚ್ಚೇನಿಲ್ಲ. ಧರ್ಮಕೇಂದ್ರದ ಗುರುಗಳ ಪತ್ರ, ಆಧಾರ್ ಪ್ರತಿ, ಒಂದು ಫಾರಂ. ಫಾರಂನಲ್ಲಿ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಡೆದಿದೆಯೇ ಎಂದು ಕೇಳುತ್ತಾರೆ. ಮುಚ್ಚಿಡಬೇಡಿ. ಅಷ್ಟು ದಿನದ ಮೌನ ಎಲ್ಲರಿಗೂ ಒಗ್ಗುವುದಿಲ್ಲ, ಅವರು ನಿಮ್ಮ ಒಳ್ಳೆಯದಕ್ಕೇ ಕೇಳುವುದು. ಊಟ ವಸತಿ ಸೇರಿ ದಿನಕ್ಕೆ 800 ರೂಪಾಯಿ ಕೊಟ್ಟೆ. ಇಲ್ಲದವರಿಗೆ ಕಡಿಮೆ ಮಾಡುತ್ತಾರೆ, ಫಾದರ್ ಪತ್ರದಲ್ಲೇ ಬರೆಸಿಕೊಳ್ಳಿ. ನಾನು ಮೆಣಸು ಮಾರಿದ ದುಡ್ಡಿನಲ್ಲಿ ಎತ್ತಿಟ್ಟಿದ್ದೆ. ಗಂಡ ಬೇಡ ಅನ್ನಲಿಲ್ಲ. ಮಾವ ಮಾತ್ರ ‘ಮನೆಕೆಲಸ ಬಿಟ್ಟು ಪ್ರಾರ್ಥನೆಯಂತೆ’ ಎಂದರು.

ಹೋಗಿ ಸೇರಿದ ಮೊದಲ ದಿನಗಳ ಬಗ್ಗೆ ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಫೋನು ಅವರ ಕೈಗೆ ಕೊಡಬೇಕು. ಮಾತಿಲ್ಲ, ಊಟದ ಮೇಜಿನಲ್ಲೂ ಇಲ್ಲ. ದಿನಕ್ಕೆ ನಾಲ್ಕು ಹೊತ್ತು, ಒಂದೊಂದು ಗಂಟೆ, ಬೈಬಲಿನ ಒಂದು ಭಾಗ ಹಿಡಿದು ಕೂರಬೇಕು. ಸಂಜೆ ಮಾರ್ಗದರ್ಶಕ ಗುರುಗಳನ್ನು ಅರ್ಧ ಗಂಟೆ ಕಾಣಬೇಕು. ದೇವರ ಮುಂದೆ ಕೂತರೆ ನನಗೆ ನೆನಪಾದದ್ದು ಗ್ಯಾಸ್ ಸಿಲಿಂಡರ್, ಕೂಲಿಯವರ ಬಟವಾಡೆ, ಮಗಳ ಪರೀಕ್ಷೆ. ನಿದ್ದೆ ಒತ್ತಿಕೊಂಡು ಬರುತ್ತಿತ್ತು. ಬಸ್ ಹತ್ತಿ ಬಂದುಬಿಡೋಣ ಅನ್ನಿಸಿತು. ಗುರುಗಳಿಗೆ ಹೇಳಿದೆ. ವಯಸ್ಸಾದವರು, ಸಮಾಧಾನದ ಮನುಷ್ಯ. ‘ದಣಿದು ಬಂದಿದ್ದೀರಿ, ಮೊದಲು ಮಲಗಿ’ ಎಂದು ಹೇಳಿ ಮರುದಿನಕ್ಕೆ ಎಲೀಯ ಪ್ರವಾದಿಯ ಭಾಗ ಕೊಟ್ಟರು. ಅರಸುಗಳ ಮೊದಲನೆಯ ಗ್ರಂಥ, 19ನೇ ಅಧ್ಯಾಯ.

ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನೇ ಇಳಿಸಿದ ಎಲೀಯ, ರಾಣಿಯೊಬ್ಬಳು ಬೆದರಿಸಿದ್ದಕ್ಕೆ ಅಡವಿಗೆ ಓಡಿ, ಗಿಡದ ಕೆಳಗೆ ಕೂತು, ‘ಸಾಕು, ನನ್ನ ಪ್ರಾಣ ತೆಗೆದುಕೋ’ ಎಂದು ಮಲಗಿಬಿಡುತ್ತಾನೆ. ದೂತ ಬಂದು ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸುತ್ತಾನೆ: ಎದ್ದು ಊಟಮಾಡು, ನೀನು ಹೋಗಬೇಕಾದ ದಾರಿ ನಿನ್ನ ಶಕ್ತಿಗೆ ಮೀರಿದ್ದು.

ಆ ಮಾತಿನಿಂದ ಮುಂದೆ ನಾನು ಹೋಗಲಿಲ್ಲ. ಹಿತ್ತಿಲಲ್ಲಿ ಹಲಸಿನ ಮರದ ಕೆಳಗೆ ಸಿಮೆಂಟಿನ ಬೆಂಚು. ಮಧ್ಯಾಹ್ನದ ಸೆಕೆ. ನನಗೆ ಯಾವ ಮೂರ್ತಿಯೂ ಕಾಣಲಿಲ್ಲ, ದನಿ ಕೇಳಲಿಲ್ಲ. ಇದ್ದಕ್ಕಿದ್ದ ಹಾಗೆ ನಾನು ದೇವರಿಗೆ ಪೂರ್ತಿ ಕಾಣಿಸುತ್ತಿದ್ದೇನೆ ಎಂದು ತಿಳಿಯಿತು. ಒಳ್ಳೆಯ ಸೊಸೆ ಎಂದು ಊರು ಹೇಳುವ ನಾನು, ಮಾವನ ಗಂಜಿ ಲೋಟ ಇಡುವಾಗ ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಿದ್ದೆನೋ ಅದೆಲ್ಲ ಸಹಿತ. ಕಂಡವರು ಮುಖ ತಿರುಗಿಸಲಿಲ್ಲ. ಲೈನ್ ಮನೆಯ ಹುಡುಗಿಯನ್ನು, ಕಲ್ಲು ಹೊತ್ತ ಹೆಂಗಸನ್ನು, ಒಂದೇ ನೋಟದಲ್ಲಿ ನೋಡಿ ಪ್ರೀತಿಸಿದರು. ಅಳುತ್ತಾ ಕೂತೆ, ಎಷ್ಟೋ ಹೊತ್ತು. ಎದ್ದಾಗ ಸಂಜೆಯ ಗಂಟೆ ಆಗಿತ್ತು. ಇದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ, ಕಡಿಮೆ ಬರೆದರೂ ಸುಳ್ಳಾಗುತ್ತದೆ.

ಆ ಸಂಜೆ ಗುರುಗಳಿಗೆ ಎಲ್ಲ ಹೇಳಿ, ‘ಇನ್ನು ನಾನು ಮಾವನನ್ನು ಪ್ರೀತಿಸುತ್ತೇನೆ, ದಿನಾ ಎರಡು ಗಂಟೆ ಪ್ರಾರ್ಥನೆ ಮಾಡುತ್ತೇನೆ, ಶುಕ್ರವಾರ ಉಪವಾಸ ಇರುತ್ತೇನೆ’ ಎಂದು ಹರಕೆಗಳ ಪಟ್ಟಿ ಒಪ್ಪಿಸಿದೆ. ಅವರು ಯಾವುದನ್ನೂ ಈಗ ತೀರ್ಮಾನಿಸಬೇಡಿ ಎಂದರು. ಸಂತೈಕೆಯ, ಅಂದರೆ ದೇವರು ಹತ್ತಿರ ಇದ್ದಾರೆ ಅನ್ನಿಸುವ, ಹೊತ್ತಿನಲ್ಲಿ ಇರುವವನು ಮುಂದೆ ಬರುವ ಬರಡು ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಈಗಲೇ ಯೋಚಿಸಿ ಬಲ ಕೂಡಿಟ್ಟುಕೊಳ್ಳಲಿ. ಬರಡು ಹೊತ್ತು ಬಂದಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸದಿರಲಿ. ಇಗ್ನೇಷಿಯಸರ ಈ ಎರಡು ನಿಯಮಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆ. ನನ್ನ ಇಡೀ ವರ್ಷ ನಡೆದದ್ದು ಆ ಎರಡು ಸಾಲಿನ ಮೇಲೆ.

ಇಗ್ನೇಷಿಯಸರ ಕಥೆಯನ್ನೂ ಹೇಳಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಸಿಪಾಯಿ ಅವರು. ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ಹೊಳೆಯ ದಂಡೆಯ ಮೇಲೆ ಕೂತಿದ್ದಾಗ ಬದುಕನ್ನೇ ತಿರುಗಿಸಿದ ಬೆಳಕು ಸಿಕ್ಕಿತು. ಅದಾದ ಮೇಲೆ ಅವರು ಮಾಡಿದ್ದೇನು? 33ನೇ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕೂತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ಪಾಠ ಬಾಯಿಪಾಠ ಮಾಡಲು ಹೊರಟರೆ ದೇವರ ವಿಚಾರದ ಸವಿಯಾದ ಹೊಳಹುಗಳು ಬಂದು ತುಂಬಿಕೊಳ್ಳುತ್ತಿದ್ದವಂತೆ, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಪ್ರಾರ್ಥನೆಗೆ ಕೂತಾಗಲೂ ಬಾರದ ಹೊಳಹು ವ್ಯಾಕರಣದ ಹೊತ್ತಿಗೇ ಯಾಕೆ ಬರುತ್ತದೆ ಎಂದು ಯೋಚಿಸಿ, ಇದು ದಾರಿ ತಪ್ಪಿಸುವ ಶೋಧನೆ ಎಂದು ಗುರುತಿಸಿ, ಮೇಷ್ಟರ ಬಳಿ ಹೋಗಿ ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಮನೆಗೆಲಸದ ನಡುವೆ ಭಕ್ತಿಗೀತೆ ಕೇಳುತ್ತಾ ಹಾಲು ಉಕ್ಕಿಸುವ ನಮ್ಮಂಥವರಿಗೆ ಇದು ಗೊತ್ತಿರಬೇಕು.

ಕೊನೆಯ ದಿನ ಪ್ರಭುವಿನ ರೂಪಾಂತರದ ಭಾಗ, ಯೇಸು ಬೆಟ್ಟದ ಮೇಲೆ ಶಿಷ್ಯರ ಕಣ್ಣೆದುರು ಬೆಳಕಾಗಿ ಹೊಳೆದ ಕಥೆ. ಗುರುಗಳು ಚಿತ್ರಕಾರ ರಫೇಲ್ ಬಿಡಿಸಿದ ಚಿತ್ರದ ಒಂದು ಪ್ರತಿ ತೋರಿಸಿದರು. 1520ರಲ್ಲಿ ತೀರಿಕೊಳ್ಳುವ ಮುಂಚೆ ಆತ ಬಿಡಿಸಿದ ಕೊನೆಯ ಚಿತ್ರ, ಈಗ ವ್ಯಾಟಿಕನ್‌ನಲ್ಲಿದೆ. ಮೇಲರ್ಧದಲ್ಲಿ ಬೆಟ್ಟ, ಬೆಳಕು, ಬಿಳಿ ವಸ್ತ್ರದ ಯೇಸು, ಮೋಶೆ, ಎಲೀಯ. ಕೆಳಗೆ, ಅದೇ ಚೌಕಟ್ಟಿನಲ್ಲಿ, ಕಣ್ಣು ಮೇಲೆ ಮಾಡಿ ಮೈ ಸೆಟೆದುಕೊಂಡ ಹುಡುಗ, ಅವನನ್ನು ಹಿಡಿದುಕೊಂಡ ಅಪ್ಪ, ಏನೂ ಮಾಡಲಾಗದ ಶಿಷ್ಯರು. ಮತ್ತಾಯ, ಮಾರ್ಕ, ಲೂಕ ಮೂವರೂ ಬೆಟ್ಟದ ಕಥೆಯ ಬೆನ್ನಿಗೇ ಈ ಹುಡುಗನ ಕಥೆ ಹೇಳುತ್ತಾರೆ. ‘ಇಲ್ಲೇ ಮೂರು ಗುಡಾರ ಹಾಕುತ್ತೇವೆ’ ಅಂದ ಪೇತ್ರನಿಗೆ ತಾನು ಏನು ಹೇಳುತ್ತಿದ್ದೇನೆಂದೇ ತಿಳಿದಿರಲಿಲ್ಲ ಎನ್ನುತ್ತಾನೆ ಲೂಕ. ಆ ಬೆಳಕಿನಲ್ಲಿ ನಿಂತು ಮೋಶೆ ಎಲೀಯರು ಯೇಸುವಿನ ಜೊತೆ ಮಾತಾಡುತ್ತಿದ್ದುದೂ ಜೆರುಸಲೇಮಿನಲ್ಲಿ ಬರಲಿದ್ದ ಅವರ ಮರಣದ ವಿಷಯವನ್ನೇ. ಬೆಟ್ಟ ಹತ್ತಿದ ಅದೇ ಮೂವರು, ಪೇತ್ರ, ಯಕೋಬ, ಯೊವಾನ್ನ, ಮುಂದೆ ಗೆತ್ಸೆಮನೆಯ ತೋಟದಲ್ಲಿ ನಿದ್ದೆ ಹೋದರು. ಇದನ್ನು ಗುರುಗಳು ಒತ್ತಿ ಹೇಳಿದರು. ಬೆಳಕು ಕಂಡವರಿಗೂ ನಿದ್ದೆ ಬರುತ್ತದೆ, ಆಗ ಕಂಡದ್ದು ಸುಳ್ಳು ಎಂದುಕೊಳ್ಳಬೇಡಿ ಎಂದರು.

ಇಳಿದು ಬರುವ ದಿನಕ್ಕೆ ತಯಾರಾಗಿರಿ. ಫೋನು ಕೈಗೆ ಬಂದ ಕೂಡಲೇ ತೆರೆಯಬೇಡಿ. ನಾನು ತೆರೆದದ್ದು ಪುತ್ತೂರು ದಾಟಿದ ಮೇಲೆ. ಸಂಪಾಜೆ ಘಾಟಿ ಹತ್ತುವಾಗ ಮನಸ್ಸು ತುಂಬಿ ಅಳು ಬರುತ್ತಿತ್ತು, ಪಕ್ಕದ ಸೀಟಿನವರು ಯಾರೋ ಸತ್ತಿದ್ದಾರೆಂದುಕೊಂಡು ನೀರು ಕೊಟ್ಟರು. ಮನೆಗೆ ಬಂದರೆ ತೊಳೆಯದ ಪಾತ್ರೆ, ಒಣಗದ ಬಟ್ಟೆ, ಕೆಟ್ಟು ನಿಂತ ಪಂಪು. ಗಂಡ ‘ಏನಾಯ್ತು ಅಲ್ಲಿ?’ ಎಂದರು. ಹೇಳಲು ಹೋದೆ, ಮಾತು ಸಣ್ಣದಾಗಿ ಬಂತು. ಬೆಟ್ಟದಿಂದ ಇಳಿದ ಶಿಷ್ಯರು ಆ ದಿನಗಳಲ್ಲಿ ಯಾರಿಗೂ ಹೇಳದೆ ಸುಮ್ಮನಿದ್ದರಂತೆ. ಅದು ಸರಿಯಾದ ದಾರಿ. ಮನೆಯವರು ನೀವಿಲ್ಲದೆ ಕಷ್ಟಪಟ್ಟು ನಡೆಸಿರುತ್ತಾರೆ, ಮೊದಲು ಅವರ ಮಾತು ಕೇಳಿ.

ಆ ಸವಿ ಜೂನ್ ಮಳೆ ಹಿಡಿಯುವ ಹೊತ್ತಿಗೆ ಹೋಗಿತ್ತು. ಬೆಳಿಗ್ಗೆ ಬೈಬಲ್ ಹಿಡಿದರೆ ಅಕ್ಷರ ಅಕ್ಷರವಾಗೇ ಇರುತ್ತಿತ್ತು. ಮಾವ ಮೊದಲಿನ ಹಾಗೇ, ನಾನೂ ಹೆಚ್ಚುಕಡಿಮೆ ಮೊದಲಿನ ಹಾಗೇ. ಪುಸ್ತಕದಲ್ಲಿ ಬರೆದುಕೊಂಡಿದ್ದರಿಂದ ಗಾಬರಿಯಾಗಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಮಲಗುವ ಮುಂಚೆ ಕಾಲು ಗಂಟೆ ಆ ದಿನವನ್ನು ದೇವರೆದುರು ಹಿಂದಿರುಗಿ ನೋಡುವುದು, ಇಷ್ಟನ್ನು ಬಿಡಲಿಲ್ಲ.

ಕಕ್ಕಡ ತಿಂಗಳು, ಜುಲೈ ಕೊನೆ. ಗಾಳಿ ಮಳೆಗೆ ಕರೆಂಟು ಹೋಗಿ ದಿನಗಳಾಗಿದ್ದವು. ಬೆಳಿಗ್ಗೆ ಮಾವ ಬಚ್ಚಲಿಗೆ ಹೋದವರು ಬರಲಿಲ್ಲ. ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ, ಬಾಯಿ ಒಂದು ಕಡೆಗೆ ವಾಲಿದೆ, ಬಲಗೈ ಎತ್ತಲಾಗುತ್ತಿಲ್ಲ, ಮಾತು ತೊದಲು. ಈ ಮೂರು ಗುರುತು ಕಂಡರೆ ಎಣ್ಣೆ ತಿಕ್ಕುತ್ತಾ, ನಾಟಿ ಮದ್ದು ಹುಡುಕುತ್ತಾ ಕೂರಬೇಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಿ ತಲೆಯಲ್ಲಿ ರಕ್ತಸ್ರಾವ ಇಲ್ಲವೆಂದು ಖಾತ್ರಿಯಾಗಬೇಕು. ನಮಗೆ ಆ ಹೊತ್ತು ತಪ್ಪಿತು. ದಾರಿಗೆ ಮರ ಬಿದ್ದಿತ್ತು, ನೆಟ್‌ವರ್ಕ್ ಇರಲಿಲ್ಲ, ಪಕ್ಕದ ತೋಟದವರ ಜೀಪು ಬಂದು ಮರ ಕಡಿದು ದಾಟಿಸುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಂದ ಮೈಸೂರಿಗೆ, ತಿತಿಮತಿ ಕಾಡು ದಾಟಿ ಹುಣಸೂರು ದಾರಿ, ಮಳೆಯಲ್ಲಿ ಮುಗಿಯದ ದಾರಿ. ಜೀಪಿನ ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮೊದಲ ಅಡ್ಡಿ ಹೆಸರಿನದ್ದು. ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಒಂದು, ಪಹಣಿಯಲ್ಲಿ ಮತ್ತೊಂದು. ನಮ್ಮವರಲ್ಲಿ ಇದು ಬಹಳ ಮನೆಗಳ ಕಥೆ. ಜ್ಞಾನಸ್ನಾನದ ಹೆಸರು ಬೇರೆ, ಕರೆಯುವ ಹೆಸರು ಬೇರೆ, ಮನೆತನದ ಹೆಸರನ್ನು ಬರೆಯುವವರು ಕೇಳಿದ ಹಾಗೆ ಬರೆದಿರುತ್ತಾರೆ. ಆರೋಗ್ಯವಾಗಿರುವಾಗಲೇ ಎಲ್ಲವನ್ನೂ ಒಂದೇ ಮಾಡಿಸಿಕೊಳ್ಳಿ. ಜ್ಞಾನಸ್ನಾನದ ದಾಖಲೆಯ ಪ್ರತಿ ದೇವಾಲಯದಲ್ಲಿ ಸಿಗುತ್ತದೆ, ತೆಗೆದಿಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತೋಟ ಇರುವ ನಮಗೆ ಎ.ಪಿ.ಎಲ್. ಕಾರ್ಡು, ಅದಕ್ಕೆ ನಿಗದಿತ ದರದ ಶೇಕಡ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸ್ವಲ್ಪ ಜಮೀನಿರುವ ಮನೆಯವರಿಗೆ ಇದು ದೊಡ್ಡ ಹೊಡೆತ. ನಮ್ಮ ಕೈಯಿಂದ ಒಂದು ಲಕ್ಷ ಎಂಬತ್ತು ಸಾವಿರ ಹೋಯಿತು, ಬರುವ ವರ್ಷದ ಕಾಫಿಯ ಮೇಲೆ ಮುಂಗಡ ತಂದೆವು.

ಆಗಸ್ಟ್ 6 ಪ್ರಭುವಿನ ರೂಪಾಂತರದ ಹಬ್ಬ. ನಾನು ಅಂದು ವಾರ್ಡಿನಲ್ಲಿದ್ದೆ. ಪೂಜೆಗೆ ಹೋಗಲಾಗಲಿಲ್ಲ. ಮೂತ್ರದ ಚೀಲ ತುಂಬಿತ್ತು, ನರ್ಸ್ ಬರಲು ತಡ, ನಾನೇ ಖಾಲಿ ಮಾಡಲು ಕಲಿತೆ. ಅಂದಿನ ಶುಭಸಂದೇಶವನ್ನು ಫೋನಿನಲ್ಲಿ ಓದಿದೆ. ಮನಸ್ಸಿಗೆ ಏನೂ ಆಗಲಿಲ್ಲ. ಹಲಸಿನ ಮರದ ಕೆಳಗಿನದು ಬೇರೆ ಯಾರಿಗೋ ಆದದ್ದು ಅನ್ನಿಸಿತು. ಆದರೆ ಕೈ ಹಿಂಜರಿಯಲಿಲ್ಲ. ಮಾವನ ಮೈ ಒರೆಸುವಾಗ, ಅವರು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಾಗ, ನನಗೆ ಅವರ ನಾಚಿಕೆ ಗೊತ್ತಾಯಿತು. ಪೂರ್ತಿ ಕಾಣಿಸಿಕೊಳ್ಳುವುದು ಹೇಗಿರುತ್ತದೆಂದು ನಾನು ಮೇ ತಿಂಗಳಲ್ಲಿ ಕಂಡಿದ್ದೆನಲ್ಲ. ನೋಡುವವರು ಮುಖ ತಿರುಗಿಸದಿದ್ದರೆ ಸಾಕು ಎಂದು ಕಲಿತಿದ್ದೆ. ಅದನ್ನೇ ಅವರಿಗೆ ಮಾಡಿದೆ. ಧ್ಯಾನಕೂಟ ನನಗೆ ಕೊಟ್ಟದ್ದೇನು ಎಂದು ಕೇಳುವವರಿಗೆ ನಾನು ತೋರಿಸಬಹುದಾದದ್ದು ಇದೊಂದೇ.

ಮನೆಗೆ ಕರೆತಂದ ಮೇಲೆ ನಿಜವಾದ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನು, ಸೊಂಟ ಹುಣ್ಣಾಗುತ್ತದೆ. ಗಾಳಿ ಹಾಸಿಗೆಗೆ 3,200 ರೂಪಾಯಿ. ಕರೆಂಟು ಹೋದರೆ ಅದರ ಪಂಪು ನಿಲ್ಲುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಯು.ಪಿ.ಎಸ್. ಇಲ್ಲದೆ ಅದನ್ನು ನಂಬಬೇಡಿ. ಫಿಸಿಯೋಥೆರಪಿಯವರು ಒಂದು ಸಲಕ್ಕೆ 500. ನೀರು ತೆಳ್ಳಗೆ ಕೊಟ್ಟರೆ ಶ್ವಾಸಕ್ಕೆ ಹೋಗಿ ಕೆಮ್ಮು, ಗಂಜಿಯನ್ನು ಗಟ್ಟಿಯಾಗಿ ಮಾಡಿ ಕೂರಿಸಿ ಚಮಚದಲ್ಲಿ ಕೊಡಬೇಕು. ಬಿ.ಪಿ. ಮಾತ್ರೆಯನ್ನು ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಿ ಎಂದು ಹೇಳಿದವರೂ ಬಂದರು. ದಯವಿಟ್ಟು ಅಂಥ ಮಾತು ಕೇಳಬೇಡಿ.

ಸೆಪ್ಟೆಂಬರ್ ಹೊತ್ತಿಗೆ ನನ್ನ ಶಕ್ತಿ ಮುಗಿದಿತ್ತು. ರಾತ್ರಿ ಎದ್ದು ಬಟ್ಟೆ ಬದಲಿಸುವಾಗ ಹಳೆಯ ಮಾತುಗಳೆಲ್ಲ ಕಿವಿಗೆ ಬಂದವು. ಲೈನಿನವಳ ಕೈಯೇ ಬೇಕಾಯಿತಲ್ಲ ಎಂದು ಮನಸ್ಸು ಹಲ್ಲು ಕಚ್ಚಿತು. ಎಲ್ಲಾದರೂ ವೃದ್ಧಾಶ್ರಮಕ್ಕೆ ಸೇರಿಸಿಬಿಡೋಣ ಎಂದು ಗಂಡನಿಗೆ ಹೇಳಲು ಬಾಯಿ ತೆರೆದೆ. ಬರಡು ಹೊತ್ತಿನಲ್ಲಿ ನಿರ್ಧಾರ ಬದಲಿಸಬಾರದು ಎಂಬ ಸಾಲು ಅಡ್ಡ ಬಂತು. ವಾರ ಕಳೆದು ಮನಸ್ಸು ತಿಳಿಯಾದ ಮೇಲೆ ಗಂಡ ಹೆಂಡತಿ ಕೂತು ಮಾತಾಡಿದೆವು. ಹಗಲಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡೆವು, ದಿನಕ್ಕೆ 600. ರಾತ್ರಿಯ ಪಾಳಿ ಗಂಡ ಅರ್ಧ, ನಾನು ಅರ್ಧ. ಸಹಾಯಕ್ಕೆ ಆಳು ಇಟ್ಟುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ. ಎಲ್ಲವನ್ನೂ ಒಬ್ಬಳೇ ಹೊತ್ತರೆ ಪುಣ್ಯ ಎಂದು ಹೇಳುವವರು ಬಂದು ಒಂದು ರಾತ್ರಿ ಕೂರಲಿ. ಯಾರ ಮನೆಯಲ್ಲಾದರೂ ಆಶ್ರಮವೇ ದಾರಿಯಾದರೆ ಅದೂ ತಪ್ಪಲ್ಲ. ಸಿಟ್ಟಿನ ರಾತ್ರಿಯಲ್ಲಿ ತೀರ್ಮಾನಿಸಬೇಡಿ ಅಷ್ಟೆ.

ಮಾವನ ಮಾತು ಹೋಗಿತ್ತು. ತಮ್ಮ ಹೆಸರು ಹೇಳಲಾಗುತ್ತಿರಲಿಲ್ಲ, ನೀರು ಬೇಕೆಂದರೂ ಬೇರೆ ಏನೋ ಶಬ್ದ ಬರುತ್ತಿತ್ತು. ಎಡಮೆದುಳಿಗೆ ಪೆಟ್ಟಾದವರಲ್ಲಿ ಹೀಗಾಗುತ್ತದೆ. ಬಾಲ್ಯದಿಂದ ಬಾಯಿಗೆ ಹತ್ತಿದ ಪ್ರಾರ್ಥನೆ, ಹಾಡು, ಎಣಿಕೆ ಮಾತ್ರ ಎಷ್ಟೋ ಜನರಲ್ಲಿ ಉಳಿದಿರುತ್ತದೆ, ಪ್ರಯತ್ನಿಸಿ ಎಂದು ಮಾತಿನ ತಜ್ಞೆ ಹೇಳಿದ್ದರು. ನಾನು ದಿನಾ ಸಂಜೆ ಅವರ ಪಕ್ಕ ಕೂತು ಕನ್ನಡದಲ್ಲಿ ಜಪಸರ ಹೇಳುತ್ತಿದ್ದೆ. ಅವರು ಗೋಡೆ ನೋಡುತ್ತಿದ್ದರು. ಅವರಿಗೆ ಬಾಯಿಗೆ ಹತ್ತಿದ್ದು ಕೊಂಕಣಿ ಎಂದು ಹೊಳೆದು ಗಂಡನಿಂದ ಬರೆಸಿಕೊಂಡು ಓದಿ ಓದಿ ಕಲಿತೆ. ಅಕ್ಟೋಬರ್, ಜಪಸರದ ತಿಂಗಳು. ‘ನಮಾನ್ ಮರಿಯೆ’ ಎಂದು ಶುರುಮಾಡಿ ಮೊದಲರ್ಧ ಮುಗಿಸಿ ಉಸಿರು ತೆಗೆದುಕೊಳ್ಳಲು ನಿಂತೆ. ಮುಂದಿನರ್ಧದ ‘ಸಾಂತ್ ಮರಿಯೆ’ ಅವರ ಗಂಟಲಿನಿಂದ ಬಂತು. ಸ್ಪಷ್ಟವಾಗಿ. ಕೊನೆಯವರೆಗೂ ಹೇಳಿದರು. ಅವರಿಗೇ ಆಶ್ಚರ್ಯ, ಎಡಗೈಯಿಂದ ನನ್ನ ಕೈಯಲ್ಲಿದ್ದ ಮಣಿ ಎಳೆದರು, ಮುಂದುವರಿಸು ಎಂಬ ಹಾಗೆ. ನನ್ನ ತಮಿಳು ನಾಲಿಗೆಯ ಕೊಂಕಣಿ ಉಚ್ಚಾರ ಅವರಿಗೆ ಹಿಡಿಸಲಿಲ್ಲ, ಒಂದು ಕಡೆ ತಲೆ ಅಲ್ಲಾಡಿಸಿ ಮತ್ತೆ ತಾವೇ ಸರಿಯಾಗಿ ಹೇಳಿದರು. ಆ ದಿನದಿಂದ ಸಂಜೆಯ ಜಪಸರ ನಮ್ಮಿಬ್ಬರದು. ನನ್ನ ಹೆಸರು ಇನ್ನೂ ಅವರ ಬಾಯಲ್ಲಿ ಬಂದಿಲ್ಲ. ಅವರ ಹೆಸರೂ ಬರುವುದಿಲ್ಲ.

ಇನ್ನು ಕಾರ್ಡಿನ ವಿಷಯ. ಅರ್ಜಿಯನ್ನು ಈ ಕಾರ್ಡಿನ ಸರ್ಕಾರಿ ವೆಬ್‌ಸೈಟಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಬೇಕು, ಆಸ್ಪತ್ರೆಯ ಡಿಸ್‌ಚಾರ್ಜ್ ಕಾಗದ, ಸ್ಕ್ಯಾನ್ ವರದಿ ಜೊತೆಗಿರಲಿ. ಲಕ್ವ ಹೊಡೆದ ಕೂಡಲೇ ಅಂಗವೈಕಲ್ಯ ಶೇಕಡ ಎಷ್ಟೆಂದು ಅಳತೆ ಮಾಡುವುದಿಲ್ಲ. ಚೇತರಿಕೆ ಎಷ್ಟಾಗುತ್ತದೆ ನೋಡಬೇಕು, ಆರು ತಿಂಗಳಾದರೂ ಆಗಲಿ ಎಂದರು. ಮಡಿಕೇರಿಗೆ ರೋಗಿಯನ್ನೇ ಕರೆದುಕೊಂಡು ಹೋಗಬೇಕು, ಜೀಪು ಬಾಡಿಗೆ ಪ್ರತಿ ಸಲವೂ 2,500. ಒಮ್ಮೆ ಹೋದಾಗ ನೋಡಬೇಕಾದ ಡಾಕ್ಟರು ರಜೆ, ಇನ್ನೊಮ್ಮೆ ಅರ್ಜಿಯ ಹೆಸರು ಆಧಾರ್‌ಗೆ ಹೊಂದಲಿಲ್ಲ. ಮೊದಲು ಫೋನು ಮಾಡಿ ಡಾಕ್ಟರು ಕೂರುವ ದಿನ ಕೇಳಿಕೊಂಡೇ ಹೊರಡಿ. ಶೇಕಡ 40ಕ್ಕೆ ಮೇಲಿದ್ದರೆ ಹಳದಿ ಕಾರ್ಡು, 80ಕ್ಕೆ ಮೇಲೆ ನೀಲಿ. ಮಾವನದು ಹಳದಿ.

ಕಾಯುವ ಬೆಂಚಿನ ಮೇಲೆ ನಾನು ಮದರ್ ತೆರೇಸಾರನ್ನು ನೆನೆಯುತ್ತಿದ್ದೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ಕರೆ ಬಂತು. ಕಾನ್ವೆಂಟ್ ಬಿಟ್ಟು ಹೊರಡಲು ಪತ್ರ ವ್ಯವಹಾರ ಮುಗಿದು ಅನುಮತಿ ಕೈಗೆ ಸಿಕ್ಕಿದ್ದು 1948ರಲ್ಲಿ. ಆಮೇಲೆ ನೇರವಾಗಿ ಬೀದಿಗೆ ಇಳಿಯಲಿಲ್ಲ, ಪಾಟ್ನಾಕ್ಕೆ ಹೋಗಿ ಗಾಯ ಕಟ್ಟುವುದು, ಚುಚ್ಚುಮದ್ದು ಕೊಡುವುದು ಕಲಿತರು. ಮುಂದಿನ ದಶಕಗಳಲ್ಲಿ ಪ್ರಾರ್ಥನೆಯಲ್ಲಿ ಅವರಿಗೆ ಕತ್ತಲೆಯೇ ಹೆಚ್ಚಾಗಿತ್ತೆಂದು ಅವರು ತೀರಿಕೊಂಡ ಮೇಲೆ ಹೊರಬಂದ ಪತ್ರಗಳು ಹೇಳುತ್ತವೆ. ರೈಲಿನಲ್ಲಿ ಕೇಳಿದ್ದರ ಮೇಲೆ ನಂಬಿಕೆಯಿಟ್ಟು ಅಷ್ಟೂ ವರ್ಷ ಗಾಯ ತೊಳೆದರು. ಟೋಕನ್ ಹಿಡಿದು ಕೂತ ನನಗೆ ಇದು ಸಾಕಾಗುತ್ತಿತ್ತು.

ಧ್ಯಾನಕೂಟಕ್ಕೆ ಹೋದ ಎಲ್ಲರಿಗೂ ನನಗಾದಂತೆ ಆಗಬೇಕೆಂದಿಲ್ಲ. ನನ್ನ ಜೊತೆ ಬಂದಿದ್ದ ಸುಂಟಿಕೊಪ್ಪ ಕಡೆಯ ಒಬ್ಬರು ಏನೂ ಅನುಭವವಾಗದೆ ವಾಪಸು ಹೋದರು. ಈಗ ಅವರು ತಮ್ಮ ಕುಡುಕ ತಮ್ಮನ ಜೊತೆ ತಾಳ್ಮೆಯಿಂದ ಇರುವುದನ್ನು ನೋಡಿದರೆ ಅವರಿಗೂ ಎಲೀಯನ ರೊಟ್ಟಿ ಸಿಕ್ಕಿತ್ತು, ರುಚಿ ತಿಳಿಯಲಿಲ್ಲ ಅಷ್ಟೇ ಎಂದು ನನಗನ್ನಿಸುತ್ತದೆ. ಅತ್ತವರಿಗೆ ಮಾತ್ರ ದೇವರು ಸಿಕ್ಕಿದರೆಂದು ದಯವಿಟ್ಟು ಯಾರೂ ಅಳೆಯಬೇಡಿ.

ಮಾವ ಈಗ ಮೂರು ಕಾಲಿನ ಕೋಲು ಹಿಡಿದು ಕಣದವರೆಗೆ ನಡೆಯುತ್ತಾರೆ. ಈ ಮೇ ತಿಂಗಳಲ್ಲಿ ಗಂಡ ಧ್ಯಾನಕೂಟಕ್ಕೆ ಹೋಗುತ್ತಿದ್ದಾರೆ. ಅವರೇ ಕೇಳಿದ್ದು, ನಾನು ಒತ್ತಾಯ ಮಾಡಲಿಲ್ಲ. ಫಾರಂ ತುಂಬಿದ್ದೇವೆ, ಮೆಣಸಿನ ದುಡ್ಡು ಎತ್ತಿಟ್ಟಾಗಿದೆ, ಫಾದರ್ ಪತ್ರ ಬಾಕಿ. ರಾತ್ರಿಯ ಪಾಳಿಗೆ ಆ ಹುಡುಗನೇ ಒಪ್ಪಿದ್ದಾನೆ, ರಾತ್ರಿಗೆ 400 ಹೆಚ್ಚು ಕೇಳಿದ್ದಾನೆ, ಕೊಡುತ್ತೇವೆ.